ಚೈನು ಬಿಚ್ಚುವ ಜಾಗ

ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನಲ್ಲಿ, ಹರ್ಸ್ಟ್ ಅವೆನ್ಯೂ ಪಕ್ಕದ ನಾಯಿ ಪಾರ್ಕಿಗೆ ಒಂದರ ಹಿಂದೆ ಒಂದು ಎರಡು ಗೇಟು. ಮೊದಲನೆಯದನ್ನು ದಾಟಿ, ಹಿಂದೆ ತಿರುಗಿ ಅದನ್ನು ಹಾಕಿ, ಚೈನು ಬಿಚ್ಚಿ, ಆಮೇಲೆ ಎರಡನೆಯದನ್ನು ತೆಗೆಯಬೇಕು. ಮಗನ ಮನೆಗೆ ಹೋದಾಗಲೆಲ್ಲ ಬೆಳಗಿನ ಹೊತ್ತು ಕೆಂಚನನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಕೆಂಚ ಅಂದರೆ ಮಗ ಸಾಕಿದ ಕೆಂಬಣ್ಣದ ನಾಯಿ. ಮೊದಮೊದಲು ಆ ಎರಡು ಗೇಟುಗಳ ನಡುವೆ ನಿಂತಾಗ ಅವನ ಹಿಂಗಾಲು ನಡುಗುತ್ತಿದ್ದವು. ಬಾಲ ಹೊಟ್ಟೆಗೆ ಅಂಟಿಕೊಂಡಿರುತ್ತಿತ್ತು. ಒಳಗೆ ಆಡುತ್ತಿದ್ದ ನಾಯಿಗಳಲ್ಲಿ ಒಂದು ಬೇಲಿಯ ಹತ್ತಿರ ಬಂದು ಮೂಸಿದರೆ ಸಾಕು, ಹಲ್ಲು ಕಿರಿಯುತ್ತಿದ್ದ. ಮೂವತ್ತು ವರ್ಷಕ್ಕೂ ಮೇಲೆ ದನದ ಡಾಕ್ಟರಾಗಿ ದುಡಿದ ನನಗೆ ಅದು ಸಿಟ್ಟಲ್ಲ, ಹೆದರಿಕೆ ಎಂದು ಗೊತ್ತಾಗುತ್ತಿತ್ತು. ಆ ಹೆದರಿಕೆ ಎಲ್ಲಿಂದ ಬಂತು, ಈ ಬೇಲಿ ಎಲ್ಲಿಂದ ಬಂತು ಎಂದು ಕೆದಕುತ್ತ ಹೋದೆ. ಎರಡರ ಉತ್ತರವೂ ಇದೇ ಊರಲ್ಲಿ ಸಿಕ್ಕಿತು.

ಬೇಲಿಯ ಕಥೆ ಶುರುವಾಗುವುದು ರೈಲಿನಿಂದ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಿಗೆ ಬಾರ್ಟ್ ರೈಲು ತರುವ ಯೋಜನೆ ಆಯಿತು. ಬರ್ಕ್ಲಿಯೊಳಗೆ ಹಳಿಗಳು ಕಂಬಗಳ ಮೇಲೆ ಹೋದರೆ ಊರು ಇಬ್ಭಾಗ ಆಗುತ್ತದೆ ಎಂದು ಜನ ಒಪ್ಪಲಿಲ್ಲ. 1966ರಲ್ಲಿ ಮತ ಹಾಕಿ, ಹೆಚ್ಚಿನ ಖರ್ಚನ್ನು ನಾವೇ ತೆರಿಗೆಯಲ್ಲಿ ಕೊಡುತ್ತೇವೆ, ರೈಲು ನೆಲದಡಿಯಲ್ಲೇ ಹೋಗಲಿ ಎಂದು ತೀರ್ಮಾನಿಸಿದರು. ಹರ್ಸ್ಟ್ ಅವೆನ್ಯೂ ಉದ್ದಕ್ಕೂ ಮನೆಗಳನ್ನು ಕೆಡವಿ, ನೆಲವನ್ನು ಮೇಲಿನಿಂದಲೇ ಅಗೆದು ಸುರಂಗ ಕಟ್ಟಿ, ಮತ್ತೆ ಮಣ್ಣು ಮುಚ್ಚಿದರು. ಕೆಳಗೆ ರೈಲು, ಮೇಲೆ ಏನೂ ಇಲ್ಲದ ಒಂದು ಉದ್ದನೆಯ ಬಯಲು ಪಟ್ಟಿ.

ಅಷ್ಟರಲ್ಲಿ 1969 ಬಂತು. ಅದೇ ಊರಿನ ಪೀಪಲ್ಸ್ ಪಾರ್ಕ್ ಗಲಾಟೆಯ ಬಗ್ಗೆ ಹಲವರು ಓದಿರಬಹುದು. ವಿಶ್ವವಿದ್ಯಾಲಯದ ಖಾಲಿ ಜಾಗದಲ್ಲಿ ಜನ ತಾವೇ ಗಿಡ ನೆಟ್ಟು ತೋಟ ಮಾಡಿದ್ದರು. ಮೇ 15ರಂದು ಅದಕ್ಕೆ ಬೇಲಿ ಬಿತ್ತು. ಪೊಲೀಸರು ಗುಂಡು ಹಾರಿಸಿದರು, ಜೇಮ್ಸ್ ರೆಕ್ಟರ್ ಎಂಬ ಯುವಕ ಸತ್ತ. ತೋಟ ಕಳೆದುಕೊಂಡ ಜನ ಗುದ್ದಲಿ ಹಿಡಿದು ಈ ಸುರಂಗದ ಮೇಲಿನ ಬಯಲಿಗೆ ಬಂದು ಇಲ್ಲಿಯೂ ಗಿಡ ನೆಟ್ಟರು. ಇದನ್ನು ಪೀಪಲ್ಸ್ ಪಾರ್ಕಿನ ಅನೆಕ್ಸ್ ಎಂದು ಕರೆದರು. ಹತ್ತು ವರ್ಷ ಎಳೆದಾಡಿದ ಮೇಲೆ, 1979ರಲ್ಲಿ, ಇದು ನಗರದ ಪಾರ್ಕ್ ಆಯಿತು. ಆ ನೆಲದ ಮೂಲನಿವಾಸಿಗಳಾದ ಓಲೋನಿ ಜನರ ಹೆಸರನ್ನೇ ಅದಕ್ಕೆ ಇಟ್ಟರು.

ಅದೇ 1979ರಲ್ಲಿ ಪಾರ್ಕಿನ ಒಂದು ತುದಿಯಲ್ಲಿ ತಂತಿಬೇಲಿ ಹಾಕಿ, ಒಳಗೆ ನಾಯಿಗಳನ್ನು ಬಿಚ್ಚಿ ಬಿಡಬಹುದು ಎಂದು ನಗರಸಭೆ ಪ್ರಯೋಗಕ್ಕೆಂದು ಒಪ್ಪಿತು. ಅಮೆರಿಕದ ಮೊದಲ ನಾಯಿ ಪಾರ್ಕು ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ದೊಡ್ಡದೇನಲ್ಲ. ನಮ್ಮ ಕಡೆಯ ಒಂದು ಒಕ್ಕಣೆ ಕಣದ ಹಾಗೆ, ಈ ತುದಿಯಲ್ಲಿ ನಿಂತು ಆ ತುದಿಯಲ್ಲಿರುವವರನ್ನು ಕೂಗಿ ಮಾತಾಡಿಸಬಹುದು. ನೋಡಿಕೊಳ್ಳುವ ಹೊಣೆಯಲ್ಲಿ ನಾಯಿ ಸಾಕಿದವರೇ ಸಂಘ ಕಟ್ಟಿಕೊಂಡು ಪಾಲು ಹೊತ್ತರು. ಅದಕ್ಕಾಗಿ ಓಡಾಡಿದ ಮಾರ್ಥಾ ಸ್ಕಾಟ್ ಬೆನೆಡಿಕ್ಟ್ ಎಂಬ ಹೆಣ್ಣುಮಗಳ ಹೆಸರು ಈಗಲೂ ಆ ಜಾಗಕ್ಕೆ ಇದೆ. ಅದರ ಹಿಂದಿನ ವರ್ಷ, 1978ರಲ್ಲಿ, ನಾಯಿಯ ಹೇಲನ್ನು ಒಡೆಯನೇ ಎತ್ತಬೇಕೆಂಬ ಕಾನೂನು ನ್ಯೂಯಾರ್ಕಿನಲ್ಲಿ ಜಾರಿಗೆ ಬಂದಿತ್ತು. ನಾಯಿ ಪಾರ್ಕುಗಳು ಉಳಿದು ಬೆಳೆದದ್ದರಲ್ಲಿ ಈ ರೂಢಿಯ ಪಾಲು ದೊಡ್ಡದು ಎಂದು ನನ್ನ ಎಣಿಕೆ. ಬಗ್ಗಿ ಎತ್ತುವವರಿಲ್ಲದಿದ್ದರೆ ಯಾವ ಊರೂ ಅಂಗೈಯಗಲ ಜಾಗವನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಅದಕ್ಕೂ ಹಿಂದೆ ನಾಯಿಗಳು ಎಲ್ಲಿ ಓಡಾಡಿಕೊಂಡಿದ್ದವು? ಬೀದಿಯಲ್ಲೇ. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1860ರ ದಶಕದಲ್ಲಿ ಬಮ್ಮರ್, ಲಾಜರಸ್ ಎಂಬ ಎರಡು ಬೀದಿನಾಯಿಗಳಿದ್ದವು. ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ಪತ್ರಿಕೆಗಳು ಅವುಗಳ ಸುದ್ದಿ ಬರೆಯುತ್ತಿದ್ದವು. 1862ರಲ್ಲಿ ನಾಯಿ ಹಿಡಿಯುವವನು ಲಾಜರಸನನ್ನು ಹಿಡಿದಾಗ ಜನ ಸಿಟ್ಟಿಗೆದ್ದು, ಈ ಎರಡಕ್ಕೆ ಮಾತ್ರ ಕಾನೂನಿನಿಂದ ವಿನಾಯಿತಿ ಕೊಡಿಸಿದರು. ಉಳಿದ ನಾಯಿಗಳಿಗೆ ಅಂಥ ಭಾಗ್ಯ ಇರಲಿಲ್ಲ. ನಗರಗಳು ಬೆಳೆದವು, ಮೋಟಾರು ಬಂತು, ರೇಬೀಸಿನ ಭಯ ಇದ್ದೇ ಇತ್ತು. ಬೀದಿಯ ನಾಯಿ ಒಂದೋ ಕಾಣೆಯಾಯಿತು, ಇಲ್ಲವೇ ಕೊರಳಿಗೆ ಹಗ್ಗ ಬಿದ್ದು ಮನೆಯೊಳಗೆ ಸೇರಿತು.

ಇನ್ನು ಹೆದರಿಕೆಯ ಕಥೆ. ಇದರಲ್ಲಿ ನನ್ನ ಪಾಲೂ ಇದೆ.

1978ರಲ್ಲಿ ನಾಯಿಗಳಿಗೆ ಪಾರ್ವೊ ಎಂಬ ಹೊಸ ರೋಗ ಬಂತು. ಅಲ್ಲಿಯವರೆಗೆ ಯಾವ ವೈದ್ಯನೂ ಕಾಣದ ವೈರಸ್ ಅದು. ಎರಡು ವರ್ಷದೊಳಗೆ ಭೂಮಿಯ ಎಲ್ಲ ಕಡೆಯೂ ಹಬ್ಬಿತು. ನಾನು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಪಾಠದ ಪುಸ್ತಕದಲ್ಲಿ ಇನ್ನೂ ಅದರ ಹೆಸರಿರಲಿಲ್ಲ, ಮೇಷ್ಟ್ರು ಬಾಯಲ್ಲೇ ಹೇಳುತ್ತಿದ್ದರು. ಮದ್ದೂರು ಕಡೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಣ್ಣಾರೆ ಕಂಡೆ. ಗೋಣಿಚೀಲದಲ್ಲಿ ಸುತ್ತಿ ತರುತ್ತಿದ್ದರು. ಬಿಚ್ಚುವ ಮೊದಲೇ ವಾಸನೆ ಹೇಳಿಬಿಡುತ್ತಿತ್ತು. ರಕ್ತಭೇದಿಯ ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಎರಡು ತಿಂಗಳ ಮರಿಗಳು, ಕಣ್ಣು ಗುಳಿಬಿದ್ದು, ಒಸಡು ಬಿಳಿಚಿ, ಕಾಲಿನ ನರಕ್ಕೆ ಸೂಜಿ ಚುಚ್ಚಿದರೂ ಕುಂಯ್ ಎನ್ನುವ ಶಕ್ತಿ ಇಲ್ಲದೆ ಮಲಗಿರುತ್ತಿದ್ದವು. ಸಾಯಂಕಾಲಕ್ಕೆ ತಣ್ಣಗಾಗುತ್ತಿದ್ದವು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ಹಾಗಾಗಿ ನಾವೆಲ್ಲ ಒಂದೇ ಮಾತು ಹೇಳಿದೆವು: ಚುಚ್ಚುಮದ್ದು ಪೂರ್ತಿ ಮುಗಿಯುವ ತನಕ ಮರಿಯನ್ನು ಹೊಸಿಲು ದಾಟಿಸಬೇಡಿ. ಮುಗಿಯುವ ಹೊತ್ತಿಗೆ ಮರಿಗೆ ನಾಲ್ಕು ತಿಂಗಳು. ಪ್ರಾಣ ಉಳಿಸುವ ಮಾತು ಅದು, ತಪ್ಪೆಂದು ನಮಗೆ ಅನ್ನಿಸಿರಲಿಲ್ಲ.

ಒಬ್ಬ ಸ್ಕೂಲ್ ಮೇಷ್ಟ್ರ ಮನೆಯ ಜರ್ಮನ್ ಶೆಫರ್ಡ್ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೂವತ್ತೇ ದಿನಕ್ಕೆ ತಾಯಿಯಿಂದ ಬಿಡಿಸಿ ಬೆಂಗಳೂರಿನಿಂದ ತಂದಿದ್ದರು. ಅಮ್ಮನವರು ಹೆಮ್ಮೆಯಿಂದ, “ಡಾಕ್ಟ್ರೇ, ನೀವು ಹೇಳ್ದಂಗೇ ಎಲ್ಲೂ ಬಿಟ್ಟಿಲ್ಲ, ಕಟ್ಟಾಕೇ ಸಾಕಿದ್ದೀವಿ” ಅಂದಿದ್ದರು. ಒಂದು ವರ್ಷ ತುಂಬುವಷ್ಟರಲ್ಲಿ ಅದನ್ನು ಬೀದಿಗೆ ತರುವ ಹಾಗಿರಲಿಲ್ಲ. ಇನ್ನೊಂದು ನಾಯಿ ಕಂಡರೆ ಒದರಿ ಒದರಿ ನೊರೆ ಕಕ್ಕುತ್ತಿತ್ತು. ಒಂಬತ್ತು ವರ್ಷ ಹಿತ್ತಲ ಸಿಮೆಂಟ್ ಕಂಬಕ್ಕೆ ಕಟ್ಟಿಸಿಕೊಂಡೇ ಬದುಕಿತು. ಅದು ಸತ್ತ ಮೇಲೆ ಹೋದಾಗ ನೋಡಿದೆ: ಚೈನಿನ ಅಳತೆಗೆ ಸರಿಯಾಗಿ ಕಂಬದ ಸುತ್ತ ನೆಲ ಅರ್ಧಚಂದ್ರದ ಹಾಗೆ ಸವೆದು ತಗ್ಗಾಗಿತ್ತು, ಅದರೊಳಗೆ ಒಂದು ಗರಿಕೆಯೂ ಇರಲಿಲ್ಲ. ಅದೇ ಕೇರಿಯ ಬೀದಿನಾಯಿಗಳಿಗೆ ಈ ಕಷ್ಟ ಇರಲಿಲ್ಲ. ಅವು ಹುಟ್ಟಿದ್ದು ಹುಲ್ಲಿನ ಬಣವೆಯ ಅಡಿಯಲ್ಲಿ. ಕಣ್ಣು ಬಿಟ್ಟ ದಿನದಿಂದ ಅಣ್ಣ ತಮ್ಮ, ಚಿಕ್ಕಮ್ಮ ದೊಡ್ಡಮ್ಮ, ಗಾಡಿ ಎತ್ತು, ಸ್ಕೂಲ್ ಮಕ್ಕಳು ಎಲ್ಲರನ್ನೂ ನೋಡಿ, ಎಲ್ಲರಿಂದಲೂ ಒಂದೊಂದು ಪೆಟ್ಟು ತಿಂದು, ಮೂರು ತಿಂಗಳಿಗೆ ಲೋಕ ತಿಳಿದುಕೊಂಡಿರುತ್ತಿದ್ದವು.

ಆ ಮೂರು ತಿಂಗಳ ಲೆಕ್ಕವನ್ನು ವಿಜ್ಞಾನಿಗಳು ನಾನು ಕಾಲೇಜು ಸೇರುವ ಮೊದಲೇ ಕಂಡುಕೊಂಡಿದ್ದರು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಸಾಕಿ ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಅಲ್ಲಿಯದೇ ಇನ್ನೊಂದು ಪ್ರಯೋಗ 1961ರಲ್ಲಿ ಅಚ್ಚಾಯಿತು. ಎತ್ತರದ ಬೇಲಿ ಹಾಕಿದ ಒಂದು ಎಕರೆ ಹೊಲದಲ್ಲಿ ಮರಿಗಳನ್ನು ತಾಯಿಯ ಜೊತೆ ಬಿಟ್ಟು, ಮನುಷ್ಯರ ಸಂಪರ್ಕ ಇಲ್ಲದ ಹಾಗೆ ಬೆಳೆಸಿದರು. ಕೆಲವನ್ನು ಎರಡನೆಯ ವಾರ, ಕೆಲವನ್ನು ಐದನೆಯ ವಾರ, ಏಳನೆಯ ವಾರ, ಹೀಗೆ ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಜೊತೆ ಆಡಲು ಬಿಟ್ಟರು. ಹದಿನಾಲ್ಕು ವಾರ ಯಾವ ಮನುಷ್ಯನನ್ನೂ ಕಾಣದೆ ಬೆಳೆದ ಮರಿಗಳು ಕಾಡುಪ್ರಾಣಿಗಳ ಹಾಗೆ ಆಗಿದ್ದವು. ಮೂರನೆಯ ವಾರದಿಂದ ಹನ್ನೆರಡನೆಯ ವಾರದ ತನಕ ನಾಯಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ, ಆಮೇಲೆ ಮುಚ್ಚುತ್ತ ಬರುತ್ತದೆ. ನಾವು ಹೊಸಿಲು ದಾಟಿಸಬೇಡಿ ಎಂದದ್ದು ಸರಿಯಾಗಿ ಆ ವಾರಗಳಲ್ಲೇ.

ಇದನ್ನು ಪುಸ್ತಕದಿಂದ ಬೀದಿಗೆ ತಂದವರಲ್ಲಿ ಮುಖ್ಯರು ಬರ್ಕ್ಲಿಯಲ್ಲೇ ನೆಲೆಸಿದ ಇಯಾನ್ ಡನ್‌ಬಾರ್. ಲಂಡನ್ನಿನಲ್ಲಿ ಪಶುವೈದ್ಯಕೀಯ ಓದಿದವರು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಬೀಚ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಬೀಗಲ್ ನಾಯಿಗಳ ನಡತೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ತಮ್ಮ ಮನೆಗೆ ಒಮಾಹಾ ಎಂಬ ಮಾಲಮ್ಯೂಟ್ ಮರಿ ತಂದಾಗ, ಅದನ್ನು ಸೇರಿಸಿಕೊಳ್ಳುವ ತರಗತಿ ಅವರಿಗೆ ಸಿಗಲಿಲ್ಲ. ಆಗಿನ ತರಬೇತಿಗಳು ಬಹುಪಾಲು ಆರು ತಿಂಗಳು ತುಂಬಿದ ಮೇಲೆ, ಕೊರಳಿಗೆ ಚೈನು ಹಾಕಿ ಎಳೆದು ಕಲಿಸುವಂಥವು. 1980ರ ದಶಕದ ಆರಂಭದಲ್ಲಿ ಅವರೇ ಮರಿಗಳಿಗಾಗಿ ತರಗತಿ ತೆರೆದರು. ಅಲ್ಲಿ ಚೈನು ಇಲ್ಲ. ಮರಿಗಳು ಬಿದ್ದು ಎದ್ದು ಆಡುತ್ತವೆ, ನಡುನಡುವೆ ಒಡೆಯ ಕರೆದಾಗ ಬಂದು ಕೂತರೆ ತಿಂಡಿ, ಮತ್ತೆ ಆಟ. ಆಟದಲ್ಲಿ ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ನಿಲ್ಲಿಸುತ್ತದೆ. ಕಚ್ಚಿದ್ದಕ್ಕೆ ಆಟ ಹೋಯಿತು. ಹೀಗೆ ಹತ್ತಾರು ಸಲ ಆದ ಮೇಲೆ ದವಡೆಗೆ ಹದ ಬರುತ್ತದೆ. ಮನುಷ್ಯನಿಗಿಂತ ಇನ್ನೊಂದು ಮರಿಯೇ ಚೆನ್ನಾಗಿ ಕಲಿಸುವ ಪಾಠ ಇದು.

ಕೆಂಚ ಮಗನ ಮನೆಗೆ ಬಂದಾಗ ಅವನಿಗೆ ಐದು ತಿಂಗಳು, ಅಷ್ಟೂ ದಿನ ಒಂದು ಗ್ಯಾರೇಜಿನಲ್ಲಿ ಬೆಳೆದಿದ್ದ. ಅವನ ಮನಸ್ಸಿನ ಬಾಗಿಲು ಬಹುಪಾಲು ಮುಚ್ಚಿತ್ತು. ಮುಚ್ಚಿದ್ದನ್ನು ಪಾರ್ಕಿನೊಳಗೆ ನೂಕಿ ತೆರೆಸಲು ಆಗುವುದಿಲ್ಲ. ಹಾಗೆ ನೂಕಿ ನಾಯಿಯನ್ನು ಪೂರ್ತಿ ಕೆಡಿಸಿಕೊಂಡವರನ್ನು ಅಲ್ಲಿಯೇ ನೋಡಿದ್ದೇನೆ. ಹಾಗಾಗಿ ಗೇಟಿನಿಂದ ಹಿಂದೆ ಬಂದು, ಎರಡು ತಿಂಗಳು ನಾವಿಬ್ಬರೂ ಬೇಲಿಯ ಹೊರಗೆ, ಇಪ್ಪತ್ತು ಮಾರು ದೂರದಲ್ಲಿ ಹುಲ್ಲಿನ ಮೇಲೆ ಕೂರುತ್ತಿದ್ದೆವು. ಒಳಗಿನ ನಾಯಿಯನ್ನು ನೋಡಿ ಸುಮ್ಮನಿದ್ದರೆ ಒಂದು ಚೂರು ಬೇಯಿಸಿದ ಕೋಳಿ. ಸ್ವಲ್ಪ ಸ್ವಲ್ಪವೇ ಹತ್ತಿರ ಸರಿದೆವು. ಆಮೇಲೆ, ಪಾರ್ಕು ಖಾಲಿ ಇರುವ ಮುಂಜಾನೆ, ಒಂದೇ ಒಂದು ಮುದಿ ಲ್ಯಾಬ್ರಡಾರ್ ಜೊತೆಗೆ ಒಳಗೆ ಬಿಟ್ಟೆ. ಅದು ನೇರವಾಗಿ ಬರಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ನೆಲ ಮೂಸುತ್ತ, ಸುತ್ತು ಹಾಕಿ ಬಂತು. ನಿಂತಿತು. ಕೊನೆಗೆ ಮುಂಗಾಲೆರಡನ್ನೂ ಚಾಚಿ ಎದೆಯನ್ನು ನೆಲಕ್ಕೆ ತಾಗಿಸಿ ಹಿಂಭಾಗ ಎತ್ತಿತು. ಇನ್ನು ಮುಂದೆ ನಾನು ಮಾಡುವುದೆಲ್ಲ ಆಟ ಎಂದು ನಾಯಿ ನಾಯಿಗೆ ಹೇಳುವ ಮಾತು ಅದು. ಮಾರ್ಕ್ ಬೆಕಾಫ್ ಎಂಬ ವಿಜ್ಞಾನಿ ಈ ಒಂದು ಭಂಗಿಯ ಮೇಲೆಯೇ 1977ರಲ್ಲಿ ಪ್ರಬಂಧ ಬರೆದಿದ್ದಾರೆ. ಕೆಂಚ ಮೂರು ಸಲ ಹಿಂದೆ ಸರಿದ. ನಾಲ್ಕನೆಯ ಸಲ ಅವನ ಎದೆಯೂ ನೆಲಕ್ಕಿಳಿಯಿತು. ನನ್ನ ಕಣ್ಣು ಒದ್ದೆಯಾದವು.

ಇನ್ನು ನಮ್ಮ ನಾಡಿನ ಮಾತು. ನಾನು ಕೆಲಸ ಮಾಡಿದ ಮದ್ದೂರು ಸೀಮೆಯಲ್ಲೇ ಆತಕೂರು ಇದೆ. ಹತ್ತನೆಯ ಶತಮಾನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟ ಊರು. ಸತ್ತ ನಾಯಿಗೆ ಶಾಸನ ಬರೆಸಿದ ಜನ ನಾವು. ಬದುಕಿರುವ ನಾಯಿಗೂ ಈಗ ನಮ್ಮಲ್ಲಿ ಜಾಗ ಆಗುತ್ತಿದೆ. ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ನಾಯಿ ಪಾರ್ಕು ತೆರೆಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಒಂದು ಮೂಲೆಯಲ್ಲಿ ಭಾನುವಾರ ನಾಯಿಗಳ ಜಾತ್ರೆಯೇ ನೆರೆಯುತ್ತದೆ. 2022ರಲ್ಲಿ ಕಬ್ಬನ್ ಪಾರ್ಕಿಗೆ ನಾಯಿ ತರುವುದನ್ನೇ ನಿಷೇಧಿಸುವ ಮಾತು ಎದ್ದು, ಜನ ವಿರೋಧಿಸಿದ್ದರಿಂದ ನಿಂತಿತು. ಬೇಲಿ ಬಂದದ್ದು ಸಂತೋಷ. ಆದರೆ ಬರ್ಕ್ಲಿಯಿಂದ ನಾವು ತಂದುಕೊಂಡದ್ದು ಬೇಲಿಯನ್ನು ಮಾತ್ರ. ಮರಿಗಳ ಪಾಠಶಾಲೆ ನಮ್ಮಲ್ಲಿ ಇನ್ನೂ ಅಪರೂಪ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ಕೇಂದ್ರದ ನಿಯಮ ಹೇಳುತ್ತದೆ. ಮೂವತ್ತು ದಿನದ ಮರಿಗಳು ಈಗಲೂ ಬುಟ್ಟಿಯಲ್ಲಿ ಬರುತ್ತಿವೆ.

ಮರಿ ಸಾಕುವವರಲ್ಲಿ ಒಬ್ಬ ಹಳೆಯ ದನದ ಡಾಕ್ಟರನ ಬೇಡಿಕೆ ಇದು. ಎಂಟು ವಾರದೊಳಗಿನ ಮರಿಯನ್ನು ಕೊಳ್ಳಬೇಡಿ. ಮೊದಲ ಚುಚ್ಚುಮದ್ದು ಆಗಿ ಒಂದು ವಾರ ಕಳೆದ ಮೇಲೆ, ಚುಚ್ಚುಮದ್ದು ಆಗಿರುವ ಒಂದು ಶಾಂತ ನಾಯಿ ಇರುವ ಪರಿಚಯದ ಮನೆಗೆ ಮರಿಯನ್ನು ಎತ್ತಿಕೊಂಡು ಹೋಗಿ, ಒರೆಸಿದ ನೆಲದ ಮೇಲೆ ಆಡಲು ಬಿಡಿ. ಸಂಜೆ ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರ ಮಡಿಲಲ್ಲಿ ಇಟ್ಟುಕೊಂಡು ಕೂತು, ಜನ ಗಾಡಿ ಸದ್ದು ಎಲ್ಲ ತೋರಿಸಿ. ನಾಯಿ ಪಾರ್ಕಿಗೆ ಮಾತ್ರ ಚುಚ್ಚುಮದ್ದು ಪೂರ್ತಿ ಮುಗಿಯುವ ತನಕ ಬೇಡ, ಪಾರ್ವೊ ಇನ್ನೂ ಮಣ್ಣಿನಲ್ಲಿದೆ.