ಅವ್ವ ಓದಿದ ಗಡಿಯಾರ

ಎಂಟು ಗಂಟೆ ದುಡಿಮೆಯ ಮಾತು ಬಂದಾಗಲೆಲ್ಲ ನನಗೆ ನನ್ನವ್ವ ನೆನಪಾಗ್ತಾಳೆ.

ನಮ್ಮದು ಶ್ರವಣಬೆಳಗೊಳದ ಹತ್ತಿರದ ಹಳ್ಳಿ. ತಾತ ಜೀತಕ್ಕಿದ್ದವನು. ಜೀತದಾಳಿಗೆ ಗಂಟೆ ಎಲ್ಲಿಂದ ಬರಬೇಕು? ಯಜಮಾನ ಕರೆದಾಗ ಬೆಳಗು, ಬಿಟ್ಟಾಗ ರಾತ್ರಿ. 1976ರ ಕಾಯ್ದೆ ಜೀತ ರದ್ದು ಮಾಡಿತು. ಅವ್ವನ ಕಾಲಕ್ಕೆ ಕೂಲಿ ಬಂತು. ಆದರೆ ಹೊತ್ತು ಇನ್ನೂ ಯಜಮಾನರ ಕೈಯಲ್ಲೇ ಇತ್ತು.

ಬಿಸಿಲಿದ್ದರೆ ನೆರಳು ನೋಡಿ ಹೇಳಬಹುದಿತ್ತು. ರಾಗಿ ಕಳೆ ಕೀಳೋದು ಮಳೆಗಾಲದಲ್ಲಿ. ಮೋಡ ಕವಿದರೆ ನೆರಳೇ ಇಲ್ಲ. ಐದೂವರೆಗೆ ಬಿಡ್ತೀನಿ ಅಂದವರು ಕತ್ತಲಾದರೂ ಬಿಡುತ್ತಿರಲಿಲ್ಲ. ಕೇಳಿದರೆ, "ಇನ್ನೂ ಐದಾಗಿಲ್ಲ!"

ಬೆಂಗಳೂರಲ್ಲಿ 1961ರಿಂದಲೇ ಎಚ್‌ಎಂಟಿ ವಾಚು ತಯಾರಾಗ್ತಿತ್ತು. ನಮ್ಮ ಕೇರಿಗೆ ಮಾತ್ರ ಬಂದಿರಲಿಲ್ಲ. 80ರ ದಶಕದ ಕೊನೆಯಲ್ಲಿ, ಮೂರನೇ ಕ್ಲಾಸಿನಲ್ಲಿ ನಾನು ಗಡಿಯಾರ ನೋಡೋದು ಕಲಿತೆ. ರಾತ್ರಿ ಇದ್ದಿಲಲ್ಲಿ ನೆಲದ ಮೇಲೆ ಗಡಿಯಾರ ಬರೆದು ಅವ್ವನಿಗೂ ಹೇಳಿಕೊಟ್ಟೆ. ಮುರಿದ ಬೆಂಕಿಕಡ್ಡಿ ಚಿಕ್ಕ ಮುಳ್ಳು, ಇಡೀ ಕಡ್ಡಿ ದೊಡ್ಡ ಮುಳ್ಳು. "ಮೂರರ ಮೇಲಿದ್ರೆ ಹದಿನೈದು ಹೆಂಗಾಯ್ತದೆ?" ಅಂತ ಅಲ್ಲೇ ಸಿಕ್ಕಿಬಿದ್ದಳು. ಆಮೇಲೆ ತಾನೇ ದಾರಿ ಹುಡುಕಿದಳು: ಒಂದೊಂದು ಅಂಕಿಗೂ ಒಂದು ಕೈಯ ಐದು ಬೆರಳು.

ಒಂದು ಮೋಡದ ಸಂಜೆ ಯಜಮಾನರು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಅವ್ವನಿಗೆ ಅವರ ವಾಚು ತಲೆಕೆಳಗಾಗಿ ಕಾಣ್ತಿತ್ತು. ಹಾಗೇ ಓದಿದಳು. "ಬುದ್ಧೀ, ಆರೂಕಾಲಾಯ್ತು" ಅಂದು ಕುಡುಗೋಲು ತಗೊಂಡು ಎದ್ದಳು. ಹಿಂದೆಯೇ ಉಳಿದ ಹೆಂಗಸರೂ ಎದ್ದರು. ಮಾರನೇ ದಿನ ಅವ್ವನನ್ನು ಕೆಲಸಕ್ಕೆ ಕರೆಯಲಿಲ್ಲ. ಆದರೆ ಉಳಿದವರನ್ನು ಐದೂವರೆಗೇ ಬಿಟ್ಟರು.

ಕಾರ್ಮಿಕ ಖಾತೆಯನ್ನು 1942ರಿಂದ 46ರವರೆಗೆ ನೋಡಿಕೊಂಡವರು ಬಾಬಾಸಾಹೇಬರು. 1946ರ ತಿದ್ದುಪಡಿ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸಿತು. ಆ ಕಾಯ್ದೆ ಹೊಲದ ಬದು ದಾಟಿ ಒಳಗೆ ಬರಲಿಲ್ಲ. ನಮ್ಮ ಹೊಲಕ್ಕೆ ಅದನ್ನು ತಂದದ್ದು ಅಕ್ಷರ ಬಾರದ ಅವ್ವ.

2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆ ತಿದ್ದಿತು. ವಾರಕ್ಕೆ 48 ಗಂಟೆ ಅಂತಲೇ ಇಟ್ಟು, ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂದಿತು. ಇವತ್ತು ಹಾಸನದ ಗಾರ್ಮೆಂಟ್ಸಿಗೆ ಬಸ್ ಹತ್ತೋ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ವಾಚೂ ಇದೆ, ಮೊಬೈಲೂ ಇದೆ. ಗಂಟೆ ನೋಡೋದು ಎಲ್ಲರಿಗೂ ಗೊತ್ತು. "ಹೊತ್ತಾಯ್ತು" ಅಂತ ಎದ್ದು ನಿಲ್ಲೋದನ್ನ ಮಾತ್ರ ಮತ್ತೆ ಕಲೀಬೇಕಾಗಿದೆ.

ಜೈ ಭೀಮ್.