ಫ್ಯಾಬ್-ಐ: ಮಲೇರಿಯಾ ಸಂಶೋಧನೆಯಲ್ಲಿ ಒಂದು ಕಿಣ್ವದ ಚರಿತ್ರೆ

ಪುಣೆಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಅಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಬೇರ್ಪಡಿಸಿದರು. ಆ ಜೀವಿಗೆ ಊರಿನ ಹೆಸರೇ ನಿಂತಿತು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಆ ಕಾಲದ ಪದ್ಧತಿಯಲ್ಲಿ ಮೊದಲು ಮದ್ದು ಸಿಗಬೇಕು. ಅದು ರೋಗಾಣುವಿನ ಯಾವ ಜಾಗಕ್ಕೆ ತಾಗುತ್ತದೆ ಎಂಬ ವಿಚಾರಣೆ ಆಮೇಲೆ.

ಸಾಬೂನು, ಟೂತ್‌ಪೇಸ್ಟ್‌ಗಳಲ್ಲಿದ್ದ ಟ್ರೈಕ್ಲೋಸಾನ್ ಎಂಬ ಸೂಕ್ಷ್ಮಾಣುನಾಶಕದ ಕಥೆಯೂ ಇದೇ. ಅದು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಗೆಡಹುತ್ತದೆ ಎಂದೇ ದಶಕಗಳ ಕಾಲ ನಂಬಲಾಗಿತ್ತು. 1998ರಲ್ಲಿ ಅದರ ನಿಜವಾದ ಗುರಿ ತಿಳಿಯಿತು: ಈನಾಯಿಲ್-ಎಸಿಪಿ ರಿಡಕ್ಟೇಸ್, ಅಂದರೆ ಫ್ಯಾಬ್-ಐ ಕಿಣ್ವ. ಕೊಬ್ಬಿನಾಮ್ಲದ ಸರಪಳಿ ಒಂದೊಂದು ಸುತ್ತಿಗೂ ಎರಡೆರಡು ಇಂಗಾಲವಾಗಿ ಬೆಳೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಜೋಡಿಬಂಧವೊಂದು ಉಳಿದಿರುತ್ತದೆ. ಫ್ಯಾಬ್-ಐ ಅದಕ್ಕೆ ಹೈಡ್ರೋಜನ್ ಸೇರಿಸಿ ಸುತ್ತನ್ನು ಮುಗಿಸುತ್ತದೆ. ಟ್ರೈಕ್ಲೋಸಾನ್ ಈ ಕಿಣ್ವದ ಕುಳಿಯಲ್ಲಿ ಎನ್‌ಎಡಿ ಎಂಬ ಸಹಾಯಕ ಅಣುವಿಗೆ ಒತ್ತಿಕೊಂಡು ಕೂತರೆ ಸರಪಳಿ ಅಲ್ಲಿಗೇ ನಿಂತುಹೋಗುತ್ತದೆ. ಮನುಷ್ಯನಲ್ಲಿ ಈ ಕೆಲಸಗಳನ್ನೆಲ್ಲ ಒಂದೇ ದೊಡ್ಡ ಪ್ರೋಟೀನು ಮಾಡುತ್ತದೆ; ಬ್ಯಾಕ್ಟೀರಿಯಾದಲ್ಲಿ ಒಂದೊಂದಕ್ಕೂ ಬೇರೆ ಕಿಣ್ವ. ಔಷಧ ಹುಡುಕುವವರಿಗೆ ಈ ವ್ಯತ್ಯಾಸವೇ ಆಸರೆ.

ಮಲೇರಿಯಾ ಪರಾವಲಂಬಿಯೊಳಗೆ ಎಪಿಕೋಪ್ಲಾಸ್ಟ್ ಎಂಬ ಪುಟ್ಟ ಅಂಗಕವಿದೆ. ಪುರಾತನ ಪಾಚಿಯೊಂದರಿಂದ ಬಂದ ಅದರಲ್ಲಿ ಕೊಬ್ಬಿನಾಮ್ಲ ಕಟ್ಟುವ ಬ್ಯಾಕ್ಟೀರಿಯಾ ಮಾದರಿಯ ಕಿಣ್ವಗಳೇ ಇವೆ ಎಂಬುದೂ 1998ರಲ್ಲೇ ಗೊತ್ತಾಯಿತು. ಬೆಂಗಳೂರಿನಲ್ಲಿ ಈ ಎಳೆಗಳು ಕೂಡಿದವು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರ ಫೆಬ್ರವರಿಯ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಟ್ರೈಕ್ಲೋಸಾನ್ ಪರಾವಲಂಬಿಯ ಫ್ಯಾಬ್-ಐಯನ್ನು ತಡೆಯುತ್ತದೆ, ರಕ್ತಕಣದಲ್ಲಿ ಬೆಳೆವ ಹಂತವನ್ನು ಕೊಲ್ಲುತ್ತದೆ, ಸೋಂಕಿತ ಇಲಿಗಳನ್ನೂ ಕಾಪಾಡುತ್ತದೆ.

ನಮ್ಮಲ್ಲಿ ಈ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸರಿಯಲ್ಲ. 2008–09ರಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಪರಾವಲಂಬಿಯ ಫ್ಯಾಬ್-ಐ ಜೀನನ್ನೇ ತೆಗೆದುಹಾಕಿ ನೋಡಿದವು. ರಕ್ತದೊಳಗಿನ ಹಂತ ಯಾವ ತೊಂದರೆಯೂ ಇಲ್ಲದೆ ಬೆಳೆಯಿತು. ಸೋತದ್ದು ಯಕೃತ್ತಿನೊಳಗೆ ಬಲಿಯಬೇಕಾದ ಕೊನೆಯ ಹಂತ. ಟ್ರೈಕ್ಲೋಸಾನ್ ಕಿಣ್ವವನ್ನು ಹಿಡಿಯುವುದೂ ನಿಜ, ರಕ್ತದ ಹಂತವನ್ನು ಕೊಲ್ಲುವುದೂ ನಿಜ. ಒಂದು ಇನ್ನೊಂದಕ್ಕೆ ಕಾರಣವಲ್ಲ. 2018ರಲ್ಲಿ ಟ್ರೈಕ್ಲೋಸಾನ್ ಪರಾವಲಂಬಿಯ ಡಿಎಚ್‌ಎಫ್‌ಆರ್ ಎಂಬ ಬೇರೊಂದು ಕಿಣ್ವವನ್ನೂ ತಡೆಯುತ್ತದೆಂಬ ವರದಿ ಬಂತು.

ಇದರಿಂದ ಬೆಂಗಳೂರಿನ ಕೆಲಸ ಕಿರಿದಾಗಲಿಲ್ಲ. ಆ ಪ್ರಬಂಧವಿದ್ದುದರಿಂದಲೇ ಜೀನ್ ತೆಗೆದು ನೋಡುವ ಪ್ರಶ್ನೆಗೆ ಅಷ್ಟು ತೂಕ ಬಂತು, ಕೊಬ್ಬಿನಾಮ್ಲದ ಹುಡುಕಾಟ ರಕ್ತದಿಂದ ಯಕೃತ್ತಿನ ಕಡೆ ಹೊರಳಿತು ಎಂಬುದು ನನ್ನ ಅಭಿಪ್ರಾಯ.

ಟ್ರೈಕ್ಲೋಸಾನ್ ಮಲೇರಿಯಾದ ಮದ್ದಾಗಲಿಲ್ಲ. ಆದರೆ ಫ್ಯಾಬ್-ಐ ಮನೆತನದ್ದೇ ಆದ ಇನ್‌ಎಚ್‌ಎ ಕಿಣ್ವ ಕ್ಷಯರೋಗಾಣುವಿನಲ್ಲಿದೆ. ಅದನ್ನು ತಡೆಯುವ ಐಸೋನಿಯಜಿಡ್ ಕ್ಷಯದ ಚಿಕಿತ್ಸೆಯಲ್ಲಿ ಇಂದಿಗೂ ಮೊದಲ ಸಾಲಿನ ಔಷಧ.