ಅರಗಿನಿಂದ ಅಂಟುಪಟ್ಟಿಗೆ: ಒಂದು ಪಾರ್ಸೆಲ್ಲಿನ ಕಥೆ



ಮುಂಬಯಿಗೆ ಬಂದ ಕನ್ನಡಿಗರಲ್ಲಿ ಊರಿಗೆ ಒಂದಾದರೂ ಪಾರ್ಸೆಲ್ ಕಳಿಸದವರು ಯಾರಿದ್ದಾರೆ? ಅಕ್ಕನ ಮಗುವಿಗೆ ಫ್ರಾಕು, ದೀಪಾವಳಿಗೆ ಅಮ್ಮನಿಗೆ ಸೀರೆ, ತಮ್ಮನಿಗೆ ಪುಸ್ತಕ... ನಾನೂ ಕಳಿಸಿದ್ದೇನೆ. ಅದರಲ್ಲಿ ಒಂದನ್ನು ಮಾತ್ರ ಮರೆಯಲು ಆಗಿಲ್ಲ. ಒಂದು ಜುಲೈ ತಿಂಗಳಲ್ಲಿ ವಡಾಲದ ಕೋಣೆ ಖಾಲಿ ಮಾಡುವಾಗ ಅಪ್ಪನ ಹಳೆಯ ಫೋಟೋಗಳನ್ನೂ, ಅವರು ಅಮ್ಮನಿಗೆ ಬರೆದಿದ್ದ ಕಾಗದಗಳನ್ನೂ ಒಂದು ಖೋಕಾದಲ್ಲಿ ತುಂಬಿಸಿ, ಮೇಜಿನ ಮೇಲಿದ್ದ ಸಣ್ಣ ಸೆಲೋ ಟೇಪಿನಿಂದ ಮುಚ್ಚಿ ಕಳಿಸಿದೆ. ಊರು ಮುಟ್ಟುವಾಗ ಖೋಕಾದ ಬಾಯಿ ತೆರೆದಿತ್ತು. ಮಳೆನೀರು ಒಳಹೊಕ್ಕು ಫೋಟೋಗಳು ಒಂದಕ್ಕೊಂದು ಹಿಡಿದುಕೊಂಡಿದ್ದವು. "ಅಂಟಬೇಕಾದ್ದು ಅಂಟಲಿಲ್ಲ, ಅಂಟಬಾರದ್ದು ಅಂಟಿತು" ಎಂದು ಅಮ್ಮ ಫೋನಿನಲ್ಲಿ ನಕ್ಕರು. ಆ ನಗುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿತ್ತು.

ತಪ್ಪು ನನ್ನದೇ. ಅಂದಿನಿಂದ ಈ ಟೇಪಿನ ಚರಿತ್ರೆಯ ಬೆನ್ನು ಹತ್ತಿದೆ.

ವಡಾಲ ಎಂದರೆ ನಮಗೆ ಎನ್‌ಕೆಇಎಸ್ ಶಾಲೆ, ರಾಮ ಮಂದಿರ. ಆದರೆ ಊರಿನ ಲೆಕ್ಕದಲ್ಲಿ ಅದು ಸರಕಿನ ದಾರಿ. 1915ರ ಜನವರಿ 1ರಂದು ಪೋರ್ಟ್ ಟ್ರಸ್ಟಿನ ರೈಲು ಬಲ್ಲಾರ್ಡ್ ಪಿಯರಿನಿಂದ ವಡಾಲದವರೆಗೆ ಓಡತೊಡಗಿತು. ಬಂದರಿನ ಸರಕು ಇಲ್ಲಿಂದ ದೇಶದ ಒಳಗೆ ಹೊರಡುತ್ತಿತ್ತು. ಆಗ ಟೇಪ್ ಎಲ್ಲಿತ್ತು? ಹತ್ತಿಯ ಬೇಲಿಗೆ ಕಬ್ಬಿಣದ ಪಟ್ಟಿ, ಧಾನ್ಯಕ್ಕೆ ಗೋಣಿಚೀಲ ಮತ್ತು ದಬ್ಬಣ, ನಾಜೂಕಿನ ಸಾಮಾನಿಗೆ ಮರದ ಪೆಟ್ಟಿಗೆ ಮತ್ತು ಮೊಳೆ.

ಮನೆಯ ಪಾರ್ಸೆಲ್ಲಿಗೆ ಬೇರೆಯೇ ವಿಧಾನ. ಹಳಬರಿಗೆ ನೆನಪಿರಬಹುದು: ಬಿಳಿ ಬಟ್ಟೆಯಲ್ಲಿ ಸುತ್ತಿ, ಸೂಜಿದಾರದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಹನಿಸಿ ಮುದ್ರೆ ಒತ್ತುವುದು. ವಿಮೆ ಮಾಡಿದ ಪಾರ್ಸೆಲ್ಲಿಗೆ ಈ ಮುದ್ರೆ ಇಲ್ಲದೆ ಅಂಚೆ ಕಚೇರಿ ಕೈ ಮುಂದೆ ಮಾಡುತ್ತಿರಲಿಲ್ಲ. ಮಹಾಭಾರತದ ಅರಗಿನ ಮನೆಯ ಅರಗೇ ಇದು. ಮರದ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ರಾಳ. ಅರಗು ಪಾರ್ಸೆಲ್ಲನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ, ಆ ಕೆಲಸ ಹೊಲಿಗೆಯದು. ಅರಗಿನ ಕೆಲಸ ಸಾಕ್ಷಿ ಹೇಳುವುದು. ಯಾರಾದರೂ ಬಿಚ್ಚಿದರೆ ಮುದ್ರೆ ಒಡೆಯುತ್ತಿತ್ತು, ಕಳ್ಳತನ ಗೊತ್ತಾಗುತ್ತಿತ್ತು.

ಇನ್ನು 1930ಕ್ಕೆ ಬನ್ನಿ. ಆ ವರ್ಷ ವಡಾಲದ ಉಪ್ಪಿನ ಗದ್ದೆಗಳು ಇಡೀ ದೇಶದ ಬಾಯಲ್ಲಿದ್ದವು. ಮೇ, ಜೂನ್ ತಿಂಗಳುಗಳಲ್ಲಿ ಸಾವಿರಾರು ಸತ್ಯಾಗ್ರಹಿಗಳು ಲಾಠಿ ಏಟು ತಿಂದು ಇಲ್ಲಿಂದ ಉಪ್ಪು ಎತ್ತಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದೇ ವರ್ಷ ಕಾನೂನು ಮುರಿದ ಉಪ್ಪಿನ ಪೊಟ್ಟಣಗಳನ್ನು ಹಿಡಿದು ಮುಂಬಯಿಯ ಶೇರು ಪೇಟೆಗೇ ನುಗ್ಗಿ ಮಾರಿ ಬಂಧನಕ್ಕೊಳಗಾದರು. ಒಂದು ಸಣ್ಣ ಪೊಟ್ಟಣಕ್ಕೆ ಸರ್ಕಾರ ಹೆದರಿದ ವರ್ಷ ಅದು!

ಅದೇ 1930ರಲ್ಲಿ, ಸಮುದ್ರದಾಚೆ ಅಮೆರಿಕದಲ್ಲಿ ಇನ್ನೊಂದು ಪೊಟ್ಟಣದ ಚಿಂತೆ ನಡೆದಿತ್ತು. ಸೆಲೋಫೇನ್ ಎಂಬ ಪಾರದರ್ಶಕ ಹಾಳೆ ಆಗ ಪೇಟೆಗೆ ಬಂದಿತ್ತು. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ ಕಂಡುಹಿಡಿದದ್ದು. ಬೇಕರಿಯವರು ಅದರಲ್ಲಿ ಬ್ರೆಡ್ಡು ಸುತ್ತುತ್ತಿದ್ದರು, ಮುಚ್ಚಲು ಅಂದವಾದ ಉಪಾಯವಿರಲಿಲ್ಲ. 3ಎಂ ಕಂಪೆನಿಯ ರಿಚರ್ಡ್ ಡ್ರೂ ಆ ಹಾಳೆಗೇ ಅಂಟು ಬಳಿದು ಪಟ್ಟಿ ಮಾಡಿದ. 1925ರಲ್ಲಿ ಕಾರಿಗೆ ಎರಡು ಬಣ್ಣ ಬಳಿಯುವವರಿಗಾಗಿ ಮಾಸ್ಕಿಂಗ್ ಟೇಪ್ ಮಾಡಿದವನೂ ಅವನೇ. ಅಂದರೆ ಸೆಲೋ ಟೇಪ್ ಹುಟ್ಟಿದ್ದೇ ಪೊಟ್ಟಣ ಮುಚ್ಚಲು. ಆದರೆ ಆರ್ಥಿಕ ಕುಸಿತದ ದಿನಗಳು, ಹೊಸದು ಕೊಳ್ಳಲು ದುಡ್ಡಿಲ್ಲ. ಜನ ಹರಿದ ಪುಸ್ತಕ, ಒಡೆದ ಆಟಿಕೆ ಎಲ್ಲಕ್ಕೂ ಅದನ್ನೇ ಹಚ್ಚಿದರು. ಹೀಗೆ ಅದು ಮೇಜಿನ ಟೇಪಾಯಿತು.

1943ರಲ್ಲಿ, ಯುದ್ಧದ ನಡುವೆ, ಇಲಿನಾಯ್ ರಾಜ್ಯದ ಮದ್ದುಗುಂಡು ಕಾರ್ಖಾನೆಯಲ್ಲಿ ವೆಸ್ಟಾ ಸ್ಟೌಟ್ ಎಂಬ ತಾಯಿ ಪೆಟ್ಟಿಗೆ ಕಟ್ಟುತ್ತಿದ್ದಳು. ಇಬ್ಬರು ಮಕ್ಕಳು ನೌಕಾಪಡೆಯಲ್ಲಿ. ಪೆಟ್ಟಿಗೆಗೆ ಹಚ್ಚುತ್ತಿದ್ದ ಕಾಗದದ ಟೇಪಿನ ತುದಿ ಎಳೆದ ಕೂಡಲೇ ಹರಿಯುತ್ತಿತ್ತು, ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಶತ್ರು ಎದುರಿಗಿರುವಾಗ ಸೈನಿಕ ಟೇಪು ಕೆರೆಯುತ್ತ ಕೂರಬೇಕೇ? ಮೇಲಿನವರು ಕಿವಿಗೊಡದಾಗ ಆಕೆ ಚಿತ್ರ ಬರೆದು ನೇರ ಅಧ್ಯಕ್ಷ ರೂಸ್‌ವೆಲ್ಟರಿಗೇ ಪತ್ರ ಬರೆದಳು. ಫಲವಾಗಿ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ ನೀರಿಗೆ ಜಗ್ಗದ ಗಟ್ಟಿ ಬಟ್ಟೆಯ ಟೇಪ್ ತಯಾರಿಸಿತು. ಇಂದಿನ ಡಕ್ಟ್ ಟೇಪಿನ ಮೂಲ ಅದು.

ಈಗ ನಾವು ಕಾಣುವ ಕಂದು ಬಣ್ಣದ ಪ್ಯಾಕಿಂಗ್ ಟೇಪ್, ಮರಾಠಿಯವರು ಚಿಕಟ್ ಪಟ್ಟಿ ಅನ್ನುವುದು, ಪಾಲಿಪ್ರೊಪಿಲೀನಿನದು. ಇಟಲಿಯ ಜೂಲಿಯೊ ನಾಟಾ ಆ ಪ್ಲಾಸ್ಟಿಕ್ಕನ್ನು 1954ರಲ್ಲಿ ತಯಾರಿಸಿ, 1963ರಲ್ಲಿ ನೊಬೆಲ್ ಹಂಚಿಕೊಂಡರು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ಗಟ್ಟಿ ಮಾಡಿ ಒಂದು ಬದಿಗೆ ಅಂಟು ಬಳಿಯುತ್ತಾರೆ. ವಡಾಲದ ಟ್ರಕ್ ಟರ್ಮಿನಲ್ಲಿನ ಕಡೆ ಹೋಗಿ ನೋಡಿ, ಇಳಿಯುವ ಖೋಕಾಗಳ ಮೇಲೆಲ್ಲ ಇದೇ ಕಂದು ಪಟ್ಟಿ.

ಹಾಗಾದರೆ ಯಾವುದನ್ನು ಆರಿಸಬೇಕು? ಅರ್ಧ ಇಂಚಿನ ಮೇಜಿನ ಟೇಪು ಕಾಗದಕ್ಕಷ್ಟೇ. ಮಾಸ್ಕಿಂಗ್ ಟೇಪು ಸುಲಭವಾಗಿ ಕಿತ್ತು ಬರಲೆಂದೇ ಹುಟ್ಟಿದ್ದು, ಅದನ್ನು ನಂಬಬೇಡಿ. ಸಾಮಾನ್ಯ ಖೋಕಾಕ್ಕೆ 2 ಇಂಚಿನ ಪ್ಯಾಕಿಂಗ್ ಟೇಪ್ ಸಾಕು, ಪುಸ್ತಕದಂಥ ಭಾರಕ್ಕೆ 3 ಇಂಚಿನದು ಒಳ್ಳೆಯದು. ಅಂಟಿನಲ್ಲೂ ಎರಡು ಜಾತಿ. ಹಾಟ್ ಮೆಲ್ಟ್ ಅಂಟು ಕೂಡಲೇ ಹಿಡಿಯುತ್ತದೆ, ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ. ಅಕ್ರಿಲಿಕ್ ಅಂಟು ನಿಧಾನಕ್ಕೆ ಹಿಡಿದು ಬಹುಕಾಲ ಬಾಳುತ್ತದೆ. ನೀರು ಹಚ್ಚಿ ಅಂಟಿಸುವ ಕಾಗದದ ಟೇಪು ಖೋಕಾದ ನಾರಿನೊಳಗೇ ಇಳಿದು ಕೂರುತ್ತದೆ, ಕದ್ದು ಬಿಚ್ಚಿದರೆ ಹರಿದು ತೋರಿಸುತ್ತದೆ. ಹಳೆಯ ಅರಗಿನ ಸಾಕ್ಷಿ ಹೇಳುವ ಕೆಲಸ ಈಗ ಇದರದು.

ಯಾವ ಟೇಪಾದರೂ ಧೂಳಿನ ಮೇಲೆ, ಒದ್ದೆ ರಟ್ಟಿನ ಮೇಲೆ ನಿಲ್ಲದು. ಒರೆಸಿ, ಒಣಗಿಸಿ, ಹಚ್ಚಿದ ಮೇಲೆ ಕೈಯಿಂದ ಬಲವಾಗಿ ಉಜ್ಜಿ, ಏಕೆಂದರೆ ಈ ಅಂಟು ಹಿಡಿಯುವುದೇ ಒತ್ತಡಕ್ಕೆ. ನಡುವಿನ ಸೀಳಿಗೆ ಒಂದು, ಎರಡೂ ಅಂಚಿಗೆ ಒಂದೊಂದು ಪಟ್ಟಿ, ಮೇಲೂ ಕೆಳಗೂ. ಮಳೆಗಾಲವಾದರೆ ಒಳಗಿನ ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಟೇಪೊಂದೇ ನೀರು ತಡೆಯದು.

ಉಳಿದ ಕೆಲವು ಫೋಟೋಗಳನ್ನು ದೊಡ್ಡದು ಮಾಡಿಸಿ ಹೋದ ಮಳೆಗಾಲದಲ್ಲಿ ಅಮ್ಮನಿಗೆ ಮತ್ತೆ ಕಳಿಸಿದೆ. ಈ ಸಲ ಎಲ್ಲ ಕ್ರಮವಾಗಿ, ಸುತ್ತಿನ ಮೇಲೆ ಸುತ್ತು. ಒಂದು ಹನಿಯೂ ಒಳಗೆ ಹೋಗಲಿಲ್ಲ. "ಬಿಚ್ಚುವಷ್ಟರಲ್ಲಿ ಚಾ ಆರಿಹೋಯ್ತು ಮಾರಾಯ, ಕೊನೆಗೆ ಪಕ್ಕದ ಮನೆಯವರನ್ನು ಕರೆಯಬೇಕಾಯ್ತು" ಎಂದರು ಅಮ್ಮ. ವೆಸ್ಟಾ ಸ್ಟೌಟಳ ಪತ್ರವನ್ನು ನಾನು ಮರೆತಿದ್ದೆ! ಈಗ ಟೇಪಿನ ಕೊನೆಯನ್ನು ಒಂದು ಇಂಚು ಒಳಕ್ಕೆ ಮಡಚುತ್ತೇನೆ. ಅಮ್ಮನ ಬೆರಳಿಗೆ ಹಿಡಿಯಲು ಅಷ್ಟು ಸಾಕು.